ರಾಜರ ಕತ್ತಿ

ಊರಿನ ಪೇಟೆಬೀದಿಯಲ್ಲಿ ಕ್ಷೌರದ ಅಂಗಡಿ ಇಟ್ಟುಕೊಂಡಿರುವ ಒಬ್ಬಾತನು, ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ವೇಳೆಯನ್ನು ನೋಡಿಕೊಂಡು, ಬಾಲ್ಯದಲ್ಲಿ ತನಗೆ ಪಾಠ ಹೇಳಿದ್ದ ಉಪಾಧ್ಯಾಯರ ಮನೆಗೆ ಬಂದನು. ಉಪಾಧ್ಯಾಯರು ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು. ಬಂದವನ ಕೈಯಲ್ಲಿ ಒಂದು ಎಣ್ಣೆಬಟ್ಟೆಯ ಸುರುಳಿ. ಬಿಚ್ಚಿದಾಗ ಹೊರಬಿದ್ದುದು ಕರಿಯ ಕೊಂಬಿನ ಹಿಡಿಯುಳ್ಳ, ಮಡಿಸುವ ಬಗೆಯ, ಹಳೆಯ ಕ್ಷೌರದ ಕತ್ತಿ. ಅವನ ಅಜ್ಜನು ಬಳಸುತ್ತಿದ್ದುದು. ತಂದೆಯೂ ಬಹುಕಾಲ ಬಳಸಿದುದು. ಏಡ್ಸ್ ರೋಗದ ಭಯ ಹರಡಿ, ಹೊಸ ಬ್ಲೇಡನ್ನು ತಮ್ಮ ಕಣ್ಣೆದುರಿಗೇ ಮುರಿದು ಹಾಕಬೇಕೆಂದು ಗಿರಾಕಿಗಳು ಕೇಳತೊಡಗಿದಂದಿನಿಂದ ಅದು ಕೆಲಸವಿಲ್ಲದೆ ಪೆಟ್ಟಿಗೆ ಸೇರಿತ್ತು. ಮನೆಯಲ್ಲಿ ಅದನ್ನು ‘ರಾಜರ ಕತ್ತಿ’ ಎಂದು ಕರೆಯುವ ವಾಡಿಕೆ.

“ಮೇಷ್ಟ್ರೇ, ಇದರ ಮೇಲೆ ಏನೋ ಇಂಗ್ಲಿಷಿನಲ್ಲಿ ಹೊಡೆದಿದ್ದಾರೆ. ಅರ್ಧ ಅಳಿಸಿಹೋಗಿದೆ. ಯಾವ ರಾಜರದು ಅಂತ ನೀವು ಓದಿ ಹೇಳಬೇಕು,” ಎಂದನು.

ಉಪಾಧ್ಯಾಯರು ಭೂತಕನ್ನಡಿಯನ್ನು ತಂದು, ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಲಗಿನ ಬುಡದಲ್ಲಿ ಒಂದು ಕಿರೀಟ; ಅದರ ಎರಡು ಪಕ್ಕಗಳಲ್ಲಿ ‘ವಿ’, ‘ಆರ್’ ಎಂಬ ಎರಡಕ್ಷರ. ಕೆಳಗೆ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಎಂಬ ಹೆಸರು. ಅದರ ಕೆಳಗೆ ನಂಬರು ೬, ನಾರ್ಫೋಕ್ ಬೀದಿ, ಷೆಫೀಲ್ಡ್ ಎಂಬ ವಿಳಾಸ. ಇನ್ನೊಂದೆಡೆ, ಕಣ್ಣಿಗೆ ಬಿದ್ದೂ ಬೀಳದಂತೆ, ಒಂದು ನಕ್ಷತ್ರ ಮತ್ತು ಒಂದು ಶಿಲುಬೆ. ಅವರು ನಕ್ಕುಬಿಟ್ಟರು. ರಾಜರ್ಸ್ ಎಂಬ ವ್ಯಾಪಾರಿಯ ಮನೆಹೆಸರು ಯಾರದೋ ಬಾಯಲ್ಲಿ ‘ರಾಜರ’ ಎಂದಾಗಿ, ಕ್ಷೌರಿಕನ ಹಡಪದೊಳಗೆ ಪಟ್ಟಾಭಿಷೇಕ ಮಾಡಿಕೊಂಡು ಕುಳಿತಿತ್ತು! ಆದರೆ ನಗು ಮುಗಿದ ಮೇಲೆ ನೋಡಿದರೆ ಕಿರೀಟವೇನೋ ಅಲ್ಲಿ ಇದ್ದೇ ಇತ್ತು. ವ್ಯಾಪಾರಿಯ ಕತ್ತಿಗೆ ಕಿರೀಟವೇಕೆ? “ಹದಿನೈದು ದಿನ ಬಿಟ್ಟು ಬಾ, ಪೂರ್ತಿ ಚರಿತ್ರೆ ಹೇಳುತ್ತೇನೆ,” ಎಂದು ಅದನ್ನು ಇಟ್ಟುಕೊಂಡರು. ಆ ಹದಿನೈದು ದಿನ ಒಂದು ವರ್ಷವಾಯಿತು.

ಷೆಫೀಲ್ಡ್ ಎಂಬುದು ಇಂಗ್ಲೆಂಡಿನ ಉತ್ತರಭಾಗದಲ್ಲಿ ಬೆಟ್ಟಗಳ ಮಗ್ಗುಲಿಗಿರುವ ಪಟ್ಟಣ. ಡಾನ್, ಷೀಫ್, ಪೋರ್ಟರ್, ರಿವೆಲಿನ್, ಲಾಕ್ಸ್‌ಲಿ ಎಂಬ ಸಣ್ಣ ಸಣ್ಣ ಹೊಳೆಗಳು ಅಲ್ಲಿ ಇಳಿಜಾರಿನಲ್ಲಿ ಹರಿದುಬರುವುವು. ನೀರಿನ ಬಲದಿಂದ ಚಕ್ರವನ್ನು ತಿರುಗಿಸಿ ಸಾಣೆ ಹಿಡಿಯುವುದಕ್ಕೆ ಆ ಹೊಳೆಗಳೂ, ಸಾಣೆಗೆ ತಕ್ಕ ಮರಳುಗಲ್ಲನ್ನು ಕೊಡುವುದಕ್ಕೆ ಆ ಬೆಟ್ಟಗಳೂ ಇದ್ದುದರಿಂದ ಚೂರಿ ಕತ್ತಿಗಳ ಕಸಬು ಅಲ್ಲಿ ಬೇರೂರಿತು. ೧೪ನೆಯ ಶತಮಾನದ ಕವಿ ಛಾಸರನು ತನ್ನ ಕಥೆಯೊಂದರಲ್ಲಿ ಬರುವ ಗಿರಣಿಯವನ ಕಾಲುಚೀಲದಲ್ಲಿ ಷೆಫೀಲ್ಡಿನ ಚೂರಿಯನ್ನೇ ಸಿಕ್ಕಿಸಿರುವನು. ೧೬೨೪ನೆಯ ಇಸವಿಯಲ್ಲಿ ಪಾರ್ಲಿಮೆಂಟಿನ ಶಾಸನದ ಮೂಲಕ ಕಟ್ಲರ್ಸ್ ಕಂಪೆನಿ ಎಂಬ ವೃತ್ತಿಸಂಘವು ಸ್ಥಾಪಿತವಾಯಿತು. ಕಸಬುದಾರರಿಗೆ ಮುದ್ರೆಗಳನ್ನು ಕೊಡುವುದು, ಒಬ್ಬನ ಮುದ್ರೆಯನ್ನು ಮತ್ತೊಬ್ಬನು ಹೊಡೆಯದಂತೆ ಕಾಯುವುದು ಆ ಸಂಘದ ಮುಖ್ಯ ಕೆಲಸಗಳಲ್ಲಿ ಒಂದು.

ಈ ಊರಿನಲ್ಲಿ ೧೮ನೆಯ ಶತಮಾನದ ಮೊದಲರ್ಧದಲ್ಲಿ ಜಾನ್ ರಾಜರ್ಸ್ ಎಂಬ ಕಸಬುದಾರನು ಕುಲುಮೆ ಹೂಡಿದನು. ಅವನ ಮಕ್ಕಳು ಅದನ್ನು ಬೆಳೆಸಿದರು. ಅವರಲ್ಲಿ ಜೋಸೆಫನ ಹೆಸರು ಮನೆಗೆ ನಿಂತಿತು. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಮುದ್ರೆಯು ಅವರಿಗೆ ೧೭೬೪ರಲ್ಲಿ ದೊರಕಿತು. ಮುಂದಿನವರು ತಮ್ಮ ಅಂಗಡಿಯು ೧೬೮೨ರಲ್ಲಿಯೇ ಸ್ಥಾಪಿತವಾದುದೆಂದು ಹೇಳಿಕೊಂಡದ್ದೂ ಉಂಟು. ಶಿಲಾಶಾಸನಗಳಲ್ಲಿ ಅರಸರ ವಂಶಗಳೆಲ್ಲ ಚಂದ್ರನಿಂದಲೋ ಯದುವಿನಿಂದಲೋ ಇಳಿದುಬರುವುದನ್ನು ಓದಿದವರಿಗೆ, ಒಂದು ವ್ಯಾಪಾರದ ಮನೆ ತನ್ನ ಹುಟ್ಟನ್ನು ಒಂದು ತಲೆಮಾರಿನಷ್ಟು ಹಿಂದಕ್ಕೆ ಸರಿಸಿಕೊಂಡರೆ ಅದೇನೂ ಸೋಜಿಗವಾಗಿ ತೋರದು.

ಕಿರೀಟದ ಸಂಗತಿ ಮುಂದಿನದು. ೧೮೨೨ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯು ಈ ಮನೆಯವರನ್ನು ಅರಮನೆಯ ಕತ್ತಿಗಾರರನ್ನಾಗಿ ನೇಮಿಸಿದನು. ಅಂದಿನಿಂದ ಆಳುವ ದೊರೆಯ ಹೆಸರಿನ ಮೊದಲಕ್ಷರವು ಕಿರೀಟದೊಡನೆ ಅಲಗಿನ ಬುಡಕ್ಕೆ ಬಂದಿತು. ಹಳೆಯ ಕತ್ತಿಗಳನ್ನು ಕೂಡಿಸುವವರಿಗೆ ಇದೊಂದು ಪಂಚಾಂಗದಂತೆ ಒದಗಿದೆ. ‘ಜಿ.ಆರ್.’ ಎಂದಿದ್ದರೆ ಜಾರ್ಜ್ ಎಂಬ ಹೆಸರಿನ ದೊರೆಯ ಕಾಲದ್ದು, ‘ಡಬ್ಲ್ಯು.ಆರ್.’ ಎಂದಿದ್ದರೆ ನಾಲ್ಕನೆಯ ವಿಲಿಯಮ್ ಆಳಿದ ೧೮೩೦ರಿಂದ ೧೮೩೭ರವರೆಗಿನ ಏಳೇ ವರ್ಷಗಳದು; ‘ವಿ.ಆರ್.’ ಎಂದಿದ್ದರೆ ವಿಕ್ಟೋರಿಯಾ ರಾಣಿಯ ಕಾಲದ್ದು, ಎಂದರೆ ೧೯೦೧ರ ಒಳಗಿನದು. ಆದುದರಿಂದ ಕ್ಷೌರದಂಗಡಿಯವನ ಮನೆಯ ‘ರಾಜರ ಕತ್ತಿ’ ನ್ಯಾಯವಾಗಿ ರಾಣಿಯ ಕತ್ತಿ. ಗಡ್ಡವನ್ನು ಕಾಣದ ಒಬ್ಬ ಹೆಂಗಸಿನ ಹೆಸರನ್ನು ಹೊತ್ತು ಲೋಕದ ಗಡ್ಡಗಳನ್ನೆಲ್ಲ ಬೋಳಿಸಿದ ಕೀರ್ತಿ ಆ ಕತ್ತಿಗಳಿಗೆ ಸಲ್ಲಬೇಕು. ಇನ್ನೊಂದು ಗುರುತೂ ಇದೆ. ಪರದೇಶದ ಸರಕಿನ ಮೇಲೆ ಆ ದೇಶದ ಹೆಸರಿರಬೇಕೆಂದು ಅಮೆರಿಕಾದವರು ೧೮೯೦ರಲ್ಲಿ ಕಾಯಿದೆ ಮಾಡಿದ ತರುವಾಯ ಷೆಫೀಲ್ಡ್ ಎಂಬುದರ ಮುಂದೆ ಇಂಗ್ಲೆಂಡ್ ಎಂದು ಹೊಡೆಯುವ ಪದ್ಧತಿ ಬೆಳೆಯಿತು. ಈ ಕತ್ತಿಯಲ್ಲಿ ಆ ಮಾತಿಲ್ಲ. ಆದರೆ ಕಾಯಿದೆಯಾದುದು ಅಮೆರಿಕಾಕ್ಕೆ ಹೋಗುವ ಸರಕಿಗೆ; ಇಂಡಿಯಾಕ್ಕೆ ಬಂದುದಕ್ಕಲ್ಲ. ಉಪಾಧ್ಯಾಯರು ಅದರ ಮೇಲೆ ಹೆಚ್ಚು ಭಾರ ಹಾಕಲಿಲ್ಲ.

ಕತ್ತಿ ಕ್ಷೌರಿಕನ ಮನೆಗೆ ಹೇಗೆ ಬಂದಿತೆಂಬುದಕ್ಕೆ ಆ ಮನೆಯಲ್ಲಿ ಎರಡು ಕಥೆಗಳಿದ್ದವು. ಊರು ಬಿಟ್ಟು ಹೋಗುವಾಗ ಒಬ್ಬ ದೊರೆ ಮೆಚ್ಚಿ ಕೊಟ್ಟನೆಂಬುದು ಒಂದು. ಅಜ್ಜನು ಸಂತೆಯಲ್ಲಿ ಹಳೆಯ ಸಾಮಾನಿನ ರಾಶಿಯಿಂದ ಆರಿಸಿ ತಂದನೆಂಬುದು ಇನ್ನೊಂದು. ಮೊದಲನೆಯದನ್ನು ಹೇಳುವಾಗ ಮಗನ ಮುಖ ಅರಳುತ್ತಿತ್ತು. ಉಪಾಧ್ಯಾಯರಿಗೆ ನಂಬಿಕೆ ಬಂದುದು ಎರಡನೆಯದರಲ್ಲಿ. ಆರಿಸುವುದಕ್ಕೆ ಬಲ್ಲವನ ಕಣ್ಣು ಬೇಕು. ಮೆಚ್ಚಿ ಕೊಡುವುದಕ್ಕೆ ದೊರೆಯಾಗಿದ್ದರೆ ಸಾಕು.

ಇತ್ತ ನಾರ್ಫೋಕ್ ಬೀದಿಯ ೬ನೆಯ ನಂಬರಿನ ಮನೆ ದೊಡ್ಡ ಯಾತ್ರಾಸ್ಥಳವೇ ಆಗಿಹೋಯಿತು. ಷೆಫೀಲ್ಡಿಗೆ ಹೋದ ಪ್ರವಾಸಿಗಳು ರಾಜರ್ಸರ ಪ್ರದರ್ಶನಶಾಲೆಯನ್ನು ನೋಡದೆ ಹಿಂದಿರುಗುತ್ತಿರಲಿಲ್ಲ. ಹಿಡಿಗಳಿಗಾಗಿ ತರಿಸಿದ ಆನೆಯ ದಂತಗಳು ಅಲ್ಲಿ ರಾಶಿರಾಶಿಯಾಗಿ ಬಿದ್ದಿರುತ್ತಿದ್ದವು. ೧೮೨೨ ಅಲಗುಗಳುಳ್ಳ ಒಂದು ಚೂರಿಯನ್ನು ಮಾಡಿ, ವರ್ಷ ಕಳೆದಂತೆ ಅದಕ್ಕೆ ಒಂದೊಂದು ಅಲಗನ್ನು ಸೇರಿಸುತ್ತ ಹೋದರು. ೧೮೫೧ರ ಲಂಡನ್ನಿನ ಮಹಾಪ್ರದರ್ಶನಕ್ಕೆ ೭೫ ಅಲಗುಗಳ ಮತ್ತೊಂದು ಭಾರಿ ಚೂರಿಯನ್ನು ಕಳುಹಿಸಿದರು. ಈ ಚೂರಿಗಳಿಂದ ಒಂದು ಸೌತೆಕಾಯಿಯನ್ನು ಕೊಯ್ಯುವುದೂ ಕಷ್ಟ. ಆದರೆ ಕೊಯ್ಯುವುದು ಅವುಗಳ ಕೆಲಸವಲ್ಲ; ಮನೆಯ ಹೆಸರನ್ನು ಹೊತ್ತು ನಿಲ್ಲುವುದು ಅವುಗಳ ಕೆಲಸ. ಹೆಸರು ಬೆಳೆದಂತೆ ಅದನ್ನು ಕದಿಯುವವರೂ ಬೆಳೆದರು. ೧೮೪೦ರ ದಶಕದಲ್ಲಿಯೇ ರಾಜರ್ಸರು ತಮ್ಮ ಮುದ್ರೆಯನ್ನು ಅನುಕರಿಸಿದವರ ಮೇಲೆ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಕಬ್ಬಿಣಕ್ಕಿಂತ ಹೆಸರಿಗೆ ಬೇಗ ತುಕ್ಕು ಹಿಡಿಯುವುದೆಂಬುದನ್ನು ಆ ಮನೆಯವರು ಚೆನ್ನಾಗಿ ಅರಿತಿದ್ದರು.

ಕತ್ತಿಯ ಮುದ್ರೆಯಿಂದ ಕತ್ತಿಯ ಉಕ್ಕಿಗೆ ದೃಷ್ಟಿ ಹರಿದಾಗ ಉಪಾಧ್ಯಾಯರಿಗೆ ಒಂದು ಹೊಸ ಉತ್ಸಾಹ ಹುಟ್ಟಿತು. ೧೭೪೦ರ ಸುಮಾರಿನಲ್ಲಿ ಷೆಫೀಲ್ಡಿನ ಸಮೀಪದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕಸಬಿನವನು, ಗಡಿಯಾರದ ಸುರುಳಿಗೆ ಒಪ್ಪುವ ಉಕ್ಕು ಸಿಕ್ಕದೆ, ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಎರಕ ಹೊಯ್ಯುವ ಮಾರ್ಗವನ್ನು ಕಂಡುಹಿಡಿದನು. ಊರಿನ ಕತ್ತಿಗಾರರು ಅದು ಬಹಳ ಗಡಸೆಂದು ಮೂಗು ಮುರಿದರಂತೆ. ಅವನು ಫ್ರಾನ್ಸಿಗೆ ಮಾರಿದನಂತೆ. ಫ್ರಾನ್ಸಿನ ಕತ್ತಿಗಳು ಮಾರುಕಟ್ಟೆಗೆ ಬಂದ ಮೇಲೆ ಊರಿನವರಿಗೆ ಕಣ್ಣು ತೆರೆಯಿತಂತೆ. ಆದರೆ ಮೂಸೆಯ ಉಕ್ಕು ಕನ್ನಡನಾಡಿಗೆ ಹೊಸದಾಗಿರಲಿಲ್ಲ. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ಮಾಡುವ ಕ್ರಮವನ್ನು ನೋಡಿ ಬರೆದಿಟ್ಟಿರುವನು. ಸಣ್ಣ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರೊಡನೆ ತಂಗಡಿ ಗಿಡದ ಕಟ್ಟಿಗೆಯ ಚೂರು, ಒಂದೆರಡು ಹಸಿಯ ಎಲೆ. ಬಾಯಿಗೆ ಮಣ್ಣು ಮೆತ್ತಿ, ಇದ್ದಿಲಿನ ಬೆಂಕಿಯಲ್ಲಿಟ್ಟು, ತಿದಿಯೊತ್ತಿ ಕಾಯಿಸುವುದು. ಸೊಪ್ಪು ಕಟ್ಟಿಗೆಗಳಲ್ಲಿಯ ಇಂಗಾಲವು ಕಬ್ಬಿಣದೊಳಗೆ ಸೇರಿ ಉಕ್ಕಾಗುವುದು. ಇಂಥ ಉಕ್ಕಿನ ಮಾದರಿಯನ್ನು ೧೭೯೦ರ ದಶಕದಲ್ಲಿ ಡಾಕ್ಟರ್ ಸ್ಕಾಟ್ ಎಂಬಾತನು ಬೊಂಬಾಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. ೧೭೯೫ರಲ್ಲಿ ಅದರ ಮೇಲೆ ಆ ಸಭೆಯಲ್ಲಿ ಪ್ರಬಂಧವನ್ನೋದಲಾಯಿತು. ಇಂಗ್ಲಿಷರು ಅದನ್ನು ‘ವೂಟ್ಸ್’ ಎಂದು ಬರೆದರು. ಕನ್ನಡದ ‘ಉಕ್ಕು’ ಎಂಬ ಮಾತೇ ಹಾಗೆ ವಿಕಾರಗೊಂಡಿತೆಂಬುದು ಬಹುಮಂದಿ ಪಂಡಿತರ ಮತ. ಉಕ್ಕು ವೂಟ್ಸ್ ಆಗಬಹುದಾದರೆ ರಾಜರ್ಸ್ ರಾಜರಾದುದರಲ್ಲಿ ತಪ್ಪೇನು? ಸಾಲ ತೀರಿತೆನ್ನಬೇಕು.

ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಎಂಬ ಶಸ್ತ್ರಗಾರನು ಆ ಉಕ್ಕನ್ನು ಬಳಸಿ, ಅದನ್ನು ಬಹುವಾಗಿ ಮೆಚ್ಚಿದನು. ಅದರ ಗುಟ್ಟನ್ನು ಭೇದಿಸುವುದಕ್ಕಾಗಿ ಅವನೂ ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆಯೂ ಕೂಡಿ ಉಕ್ಕಿಗೆ ನಾನಾ ಲೋಹಗಳನ್ನು ಬೆರಸಿ ಪ್ರಯೋಗಗಳನ್ನು ಮಾಡಿದರು. ೧೮೨೦ರಲ್ಲಿಯೂ ೧೮೨೨ರಲ್ಲಿಯೂ ಅವುಗಳ ವಿವರ ಅಚ್ಚಾಯಿತು. ೫೦೦ ಪಾಲು ಉಕ್ಕಿಗೆ ಒಂದು ಪಾಲು ಬೆಳ್ಳಿ ಸೇರಿಸಿದುದು ಅವರಿಗೆ ಒಳ್ಳೆಯದಾಗಿ ಕಂಡಿತು. ವಿದ್ಯುಚ್ಛಕ್ತಿಯ ಪಿತಾಮಹನೆನ್ನಿಸಿಕೊಂಡ ಫ್ಯಾರಡೆ ತನ್ನ ಉಕ್ಕಿನ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆಯಾಗಿ ಕೊಡುತ್ತಿದ್ದನು! ಅದಾದ ಮೇಲೆ ಷೆಫೀಲ್ಡಿನ ಎಷ್ಟೋ ಕತ್ತಿಗಳ ಮೇಲೆ ‘ಸಿಲ್ವರ್ ಸ್ಟೀಲ್’ ಎಂಬ ಮುದ್ರೆ ಬಿದ್ದಿತು. ಅವುಗಳಲ್ಲೆಲ್ಲ ಬೆಳ್ಳಿಯಿತ್ತೆಂದು ನಂಬಬೇಕಾದ ಅಗತ್ಯವಿಲ್ಲ. ಫ್ಯಾರಡೆ ಬಿಟ್ಟುಹೋದ ಉಕ್ಕಿನ ೭೯ ತುಂಡುಗಳನ್ನು ಷೆಫೀಲ್ಡಿನವನೇ ಆದ ರಾಬರ್ಟ್ ಹ್ಯಾಡ್‌ಫೀಲ್ಡ್ ಪರೀಕ್ಷಿಸಿ ೧೯೩೧ರಲ್ಲಿ ಅವುಗಳ ವಿವರವನ್ನು ಪುಸ್ತಕವಾಗಿ ಪ್ರಕಟಿಸಿದನು.

ಇದನ್ನೆಲ್ಲ ಓದಿದ ರಾತ್ರಿ ಉಪಾಧ್ಯಾಯರು, ಕ್ಷೌರದಂಗಡಿಯವನ ಕತ್ತಿಯು ಕನ್ನಡದ ಉಕ್ಕಿನ ಮೊಮ್ಮಗಳೆಂದು ತಮ್ಮ ಕಾಗದದಲ್ಲಿ ಬರೆದರು. ಬೆಳಗ್ಗೆ ಅದನ್ನು ಹೊಡೆದುಹಾಕಿದರು. ಷೆಫೀಲ್ಡಿನ ಒಳ್ಳೆಯ ಉಕ್ಕೆಲ್ಲ ಹೆಚ್ಚಾಗಿ ಸ್ವೀಡನ್ ದೇಶದ ಕಬ್ಬಿಣದಿಂದಾದುದು. ಮೈಸೂರಿನ ಕುಲುಮೆಗಳಿಂದ ಹೋದುದು ಕುತೂಹಲವೇ ಹೊರತು ಸರಕಲ್ಲ. ಇಲ್ಲದ ನೆಂಟಸ್ತನವನ್ನು ಹೇಳಿಕೊಂಡರೆ ೧೬೮೨ರ ಕಥೆಗೆ ಇನ್ನೊಂದು ಕಥೆ ಸೇರಿದಂತಾಗುವುದಲ್ಲವೆ?

ಅಂಗಡಿಯ ಚರಿತ್ರೆ ಹೀಗೆ ಬೆಳೆಯುತ್ತಿರಲು, ಕತ್ತಿಯನ್ನು ಮಾಡಿದವರು ಯಾರೆಂಬ ಪ್ರಶ್ನೆ ಮಾತ್ರ ದೂರದಲ್ಲಿಯೇ ನಿಂತಿತ್ತು. ಒಂದು ಕ್ಷೌರದ ಕತ್ತಿ ಒಬ್ಬನ ಕೈಯಲ್ಲಿ ಆಗುವುದಲ್ಲ. ಕಾದ ಉಕ್ಕಿನ ಪಟ್ಟಿಯನ್ನು ಬಡಿದು ಅಲಗಿನ ಆಕಾರಕ್ಕೆ ತರುವವನೊಬ್ಬ. ಕೆಂಪಗೆ ಕಾಯಿಸಿ, ತಣಿಸಿ, ಮತ್ತೆ ಹುಲ್ಲಿನ ಬಣ್ಣ ಬರುವವರೆಗೆ ಮೆಲ್ಲನೆ ಬಿಸಿಮಾಡಿ ಹದ ಕೊಡುವವನೊಬ್ಬ. ಹದ ಹೆಚ್ಚಾದರೆ ಧಾರೆ ಮುರಿಯುವುದು, ಕಡಮೆಯಾದರೆ ಮಡಿಯುವುದು. ಸಾಣೆ ಹಿಡಿಯುವವನೊಬ್ಬ, ಮೆರುಗು ಕೊಡುವವನೊಬ್ಬ, ಕೊಂಬನ್ನು ಬಿಸಿಮಾಡಿ ಅಚ್ಚಿನಲ್ಲೊತ್ತಿ ಹಿಡಿ ಮಾಡುವವನೊಬ್ಬ, ಮೊಳೆ ಬಡಿದು ಕೂಡಿಸುವವನೊಬ್ಬ. ಅವರಲ್ಲಿ ಎಷ್ಟೋ ಮಂದಿ ಯಾವ ಅಂಗಡಿಯ ಆಳುಗಳೂ ಅಲ್ಲ; ಬಾಡಿಗೆಯ ಮೂಲೆಯೊಂದರಲ್ಲಿ ತಮ್ಮ ಕಲ್ಲನ್ನು ನಿಲ್ಲಿಸಿಕೊಂಡು, ಇಂದು ಈ ಮನೆಯ ಕೆಲಸ, ನಾಳೆ ಆ ಮನೆಯ ಕೆಲಸವೆಂದು ಮಾಡಿಕೊಡುತ್ತಿದ್ದವರು. ‘ಪುಟ್ಟ ಯಜಮಾನರು’ ಎಂಬ ಅರ್ಥ ಬರುವಂತೆ ಆ ಊರಿನಲ್ಲಿ ಅವರಿಗೆ ಹೆಸರು. ಯಜಮಾನಿಕೆಯ ಪುಟ್ಟತನವನ್ನು ಆ ಹೆಸರೇ ಹೇಳುವುದು.

ಅವರಲ್ಲೆಲ್ಲ ಸಾಣೆಯವನ ಪಾಡು ಕಠಿನ. ಕುದುರೆಯೇರಿದಂತೆ ಮರದ ಪೀಠವನ್ನೇರಿ, ತಿರುಗುವ ಕಲ್ಲಿನ ಮೇಲೆ ಬಗ್ಗಿ, ಮುಖವನ್ನು ಅದಕ್ಕೆ ಒಡ್ಡಿಕೊಂಡು ದಿನವೆಲ್ಲ ಕುಳಿತಿರಬೇಕು. ಕಲ್ಲು ಸಿಡಿದರೆ ಪ್ರಾಣ ಹೋಗುವುದು. ಸಿಡಿಯದಿದ್ದರೆ ಕಲ್ಲಿನ ಧೂಳೂ ಉಕ್ಕಿನ ಧೂಳೂ ಶ್ವಾಸಕೋಶವನ್ನು ಸೇರಿ ನಿಧಾನವಾಗಿ ಹೋಗುವುದು. ನೀರಿಲ್ಲದೆ ಒಣಗಲ್ಲಿನ ಮೇಲೆ ಸಾಣೆ ಹಿಡಿಯುವವರ ಸರಾಸರಿ ಆಯುಸ್ಸು ೩೫ ವರ್ಷ ಮುಟ್ಟುವುದೂ ಕಷ್ಟವೆಂದೂ, ಒದ್ದೆಗಲ್ಲಿನವರದು ೪೫ನ್ನು ಮೀರುವುದು ಅಪೂರ್ವವೆಂದೂ ಷೆಫೀಲ್ಡಿನ ವೈದ್ಯನಾದ ಡಾಕ್ಟರ್ ನೈಟ್ ಕಂಡಿದ್ದನು. ಡಾಕ್ಟರ್ ಕ್ಯಾಲ್ವರ್ಟ್ ಹಾಲೆಂಡ್ ಇಂಥ ರೋಗಗಳ ಮೇಲೆಯೇ ೧೮೪೩ರಲ್ಲಿ ಒಂದು ಗ್ರಂಥವನ್ನು ಬರೆದನು. ಧೂಳನ್ನು ಸೆಳೆದುಕೊಳ್ಳುವ ಸಾಧನಗಳು ಅಷ್ಟರಲ್ಲಿಯೇ ಬಂದಿದ್ದವು. ಆದರೆ ಸಾಣೆಯವರೇ ಹಲವರು ಅವನ್ನು ಬೇಡವೆಂದರು. ಕಾರಣವನ್ನು ಓದಿದಾಗ ಉಪಾಧ್ಯಾಯರು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಸಾಣೆಯವರು ಬಹುಕಾಲ ಬದುಕಿದರೆ ಕಸಬಿನಲ್ಲಿ ಜನ ಹೆಚ್ಚಿ ಕೂಲಿ ಇಳಿದೀತೆಂದು ಅವರ ಅಂಜಿಕೆ.

ಕ್ಷುರದ ಧಾರೆಯ ಮೇಲೆ ನಡೆಯುವುದು ಕಷ್ಟವೆಂದು ಉಪನಿಷತ್ತಿನ ಋಷಿ ಹೇಳಿದುದನ್ನು ಉಪಾಧ್ಯಾಯರು ಎ‍ಷ್ಟೋ ಸಲ ಪಾಠ ಹೇಳಿದ್ದರು. ಆ ಧಾರೆಯನ್ನು ಮಾಡಿ ಬದುಕುವುದು ಅದಕ್ಕಿಂತ ಕಷ್ಟವೆಂದು ಅವರಿಗೆ ಅಂದೇ ತಿಳಿದುದು.

ಮನೆತನದ ಅಂಗಡಿಯ ಉಳಿದ ಕಥೆಯನ್ನು ಬೇಗ ಹೇಳಬಹುದು. ೧೮೭೧ರಲ್ಲಿ ಅದು ಷೇರುದಾರರ ಕಂಪೆನಿಯಾಯಿತು. ಅಮೆರಿಕಾದವರು ೧೮೯೦ರಲ್ಲಿ ಸುಂಕವನ್ನು ಏರಿಸಿದುದರಿಂದ ಷೆಫೀಲ್ಡಿನ ದೊಡ್ಡ ಮಾರುಕಟ್ಟೆಗೆ ಪೆಟ್ಟು ಬಿದ್ದಿತು. ಜರ್ಮನಿಯ ಸೋಲಿಂಗೆನ್ನಿನವರು ಎರಡು ಮಗ್ಗುಲೂ ಒಳಕ್ಕೆ ಬಗ್ಗಿದಂತೆ ತೆಳ್ಳಗೆ ಸಾಣೆ ಹಿಡಿದ ಹಗುರವಾದ ಕತ್ತಿಗಳಿಂದ ಪೈಪೋಟಿಗೆ ನಿಂತರು. ಅದರ ಮೇಲೆ ಗಿಲೆಟ್ ಬಂದನು. ೧೯೦೩ರಲ್ಲಿ ಅವನ ಕಂಪೆನಿ ಮಾರಿದುದು ೫೧ ಕ್ಷೌರಯಂತ್ರ, ೧೬೮ ಬ್ಲೇಡು. ಮರುವರ್ಷವೇ ೯೦ ಸಾವಿರಕ್ಕೆ ಮೇಲ್ಪಟ್ಟು ಯಂತ್ರ, ಒಂದು ಲಕ್ಷ ೨೦ ಸಾವಿರಕ್ಕೆ ಮೇಲ್ಪಟ್ಟು ಬ್ಲೇಡು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕಾ ಸರ್ಕಾರ ತನ್ನ ಸೈನಿಕರಿಗಾಗಿ ಸುಮಾರು ೩೫ ಲಕ್ಷ ಯಂತ್ರಗಳನ್ನು ಕೊಂಡಿತು. ಯುದ್ಧದಿಂದ ಬದುಕಿ ಬಂದವರು ತಮ್ಮ ಗಡ್ಡವನ್ನು ತಾವೇ ಬೋಳಿಸಿಕೊಳ್ಳುವುದನ್ನು ಕಲಿತು ಬಂದರು. ಸಾಣೆ ಹಿಡಿದು ಮೂರು ತಲೆ ಬಾಳುವ ಕತ್ತಿಯ ಜಾಗದಲ್ಲಿ ಎಸೆಯುವ ಬ್ಲೇಡು ಬಂದ ಮೇಲೆ ರಾಜರ್ಸರ ಮನೆಗೆ ಹಿಂದಿನ ಕಳೆ ಬರಲಿಲ್ಲ. ೧೯೭೧ರಲ್ಲಿ ಊರಿನ ಇನ್ನೊಂದು ಹಳೆಯ ಮನೆಯಾದ ವೊಸ್ಟೆನ್‌ಹೋಮಿನೊಡನೆ ಅದು ಕೂಡಿಕೊಂಡಿತು. ೧೯೮೦ರ ದಶಕದಲ್ಲಿ ಹೆಸರೂ ಮುದ್ರೆಯೂ ಷೆಫೀಲ್ಡಿನ ಬೇರೆ ಕತ್ತಿಗಾರರ ಕೈ ಸೇರಿದವು.

ಕಾಗದಗಳನ್ನು ಜೋಡಿಸಿಕೊಂಡು, ಕತ್ತಿಯನ್ನು ಜೇಬಿನಲ್ಲಿಟ್ಟುಕೊಂಡು ಉಪಾಧ್ಯಾಯರು ಅಂಗಡಿಗೆ ಹೋದರು. ಒಬ್ಬ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದ ಶಿಷ್ಯನು ಕೈ ನಿಲ್ಲಿಸದೆ ಎಲ್ಲವನ್ನೂ ಕೇಳಿದನು. ಕಿರೀಟದ ಸಂಗತಿಗೆ ನಕ್ಕನು. ಸಾಣೆಯವರ ಸಂಗತಿಗೆ ಬಂದಾಗ ಬ್ರಷ್ಷು ನಿಂತಿತು.

“ಹಾಗಾದರೆ ಇದಕ್ಕೆ ಸಾಣೆ ಹಿಡಿದವನು ಯಾರು, ಮೇಷ್ಟ್ರೇ?”

“ಅದು ಎಲ್ಲಿಯೂ ಬರೆದಿಲ್ಲವಪ್ಪ.”

ಅವನು ಕೈಯೊರಸಿಕೊಂಡು, ಕತ್ತಿಯನ್ನು ಬಿಡಿಸಿ, ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದನು. “ಒಳ್ಳೆ ಕೈ ಅವನದು. ಅಜ್ಜ ಒಂದು ಕಾಲ, ಅಪ್ಪ ಒಂದು ಕಾಲ ಕಲ್ಲಿಗೆಳೆದರೂ ಎಲ್ಲೂ ಸೊಟ್ಟಾಗಿಲ್ಲ ನೋಡಿ,” ಎಂದನು.

ಉಪಾಧ್ಯಾಯರು ಆ ಅಜ್ಜನನ್ನು ಬಲ್ಲರು. ಹಿತ್ತಿಲ ಜಗಲಿಯ ಕೆಳಗೆ, ಹಡಪವನ್ನು ಬಿಚ್ಚಿಟ್ಟುಕೊಂಡು, ಬಟ್ಟಲಿಗೆ ನೀರು ಹೊಯ್ಯುವವರಿಗಾಗಿ ಕಾಯುತ್ತ ಕುಳಿತಿರುತ್ತಿದ್ದ ಮುದುಕ. ಸುಗ್ಗಿಯಲ್ಲಿ ಕಣದ ಬಳಿ ತನ್ನ ಆಯವನ್ನು ಅಳೆಸಿಕೊಂಡು ಹೋಗುತ್ತಿದ್ದವನು. ಉಪಾಧ್ಯಾಯರ ಮೊದಲ ಚೌಲದ ಕೂದಲನ್ನು ತೆಗೆದವನೂ, ಅವರ ತಾತನ ಕೊನೆಯ ಕ್ಷೌರ ಮಾಡಿದವನೂ ಅವನೇ. ಮನೆಯವರೆಲ್ಲ ಅವನನ್ನು ಕಸಬಿನ ಹೆಸರಿನಿಂದ ಏಕವಚನದಲ್ಲಿ ಕೂಗುತ್ತಿದ್ದರು, ಮಕ್ಕಳೂ ಕೂಗುತ್ತಿದ್ದರು. ಶಿಷ್ಯನ ಹೆಸರೂ ಅವನ ತಂದೆಯ ಹೆಸರೂ ಶಾಲೆಯ ಹಾಜರಿ ಪುಸ್ತಕದಿಂದ ಅವರಿಗೆ ಗೊತ್ತು. ನಾರ್ಫೋಕ್ ಬೀದಿಯ ಮನೆಯವರದು ಮೂರು ತಲೆಮಾರು ಈಗ ಬಾಯಿಪಾಠ. ಮುಂದಿನ ಮಾತಿಗೆ ಅವರು ತಡವರಿಸಿದರು.

“ನಿಮ್ಮ ಅಜ್ಜನವರ ಹೆಸರೇನು?”

ಎಂದೂ ‘ನೀನು’ ಎಂದು ಕರೆಯುತ್ತಿದ್ದವರ ಬಾಯಲ್ಲಿ ಈ ಮಾತು ಕೇಳಿ ಶಿಷ್ಯನು ಒಮ್ಮೆ ಮುಖವೆತ್ತಿ ನೋಡಿದನು. ಹೆಸರು ಹೇಳಿದನು. ಒತ್ತಕ್ಷರ ತಪ್ಪೀತೆಂದು ಎರಡನೆಯ ಸಲವೂ ಬಿಡಿಸಿ ಹೇಳಿದನು. ಉಪಾಧ್ಯಾಯರು ಲೇಖನಿ ತೆಗೆದು, ಮೊದಲ ಹಾಳೆಯ ಮೇಲ್ತುದಿಯಲ್ಲಿ, ಜೋಸೆಫ್ ರಾಜರ್ಸ್ ಎಂದು ಬರೆದಿದ್ದುದರ ಮೇಲುಗಡೆ ಜಾಗವಿದ್ದಲ್ಲಿ, ಅದನ್ನು ಬರೆದುಕೊಂಡರು. ನೊರೆ ಒಣಗುತ್ತಿದೆಯೆಂದು ಗಿರಾಕಿ ಕುರ್ಚಿಯಿಂದ ಗೊಣಗಿದನು.